ದೊಡ್ಡ ಗಡಿಯಾರ ಬಿಡಿಸಲು ಕೂತಾಗ

ಕಳೆದ ಭಾನುವಾರ ಅಟ್ಟದಿಂದ ನನ್ನ ಹಳೆಯ ಡ್ರಾಯಿಂಗ್ ಬೋರ್ಡ್ ಇಳಿಸಿದೆ. ಧೂಳು ಒರೆಸಿ, ಹಾಳೆ ಅಂಟಿಸಿ, ಮೈಸೂರಿನ ದೊಡ್ಡ ಗಡಿಯಾರ ಬಿಡಿಸಲು ಕೂತೆ. ಫೋನಿನಲ್ಲಿ ಫೋಟೊ ನೋಡುವ ಹಾಗಿಲ್ಲ, ಬರೀ ನೆನಪಿನಿಂದಲೇ ಬಿಡಿಸಬೇಕು ಅಂತ ನನಗೆ ನಾನೇ ಷರತ್ತು ಹಾಕಿಕೊಂಡಿದ್ದೆ.

ಧೈರ್ಯ ಯಾಕೆ ಅಂದರೆ, ಇದು ನನ್ನ ಕಸುಬು. ಐಟಿಐನಲ್ಲಿ ಎರಡು ವರ್ಷ ಡ್ರಾಫ್ಟ್ಸ್‌ಮನ್ ಸಿವಿಲ್ ಓದಿ, 34 ವರ್ಷ ಒಂದೇ ಆಫೀಸಿನಲ್ಲಿ ಕಟ್ಟಡಗಳ ಪ್ಲಾನು, ಎಲಿವೇಶನ್ನು, ಸೆಕ್ಷನ್ನು ಎಳೆದವನು ನಾನು. ಆ 34 ವರ್ಷವೂ ಆಫೀಸಿನ ದಾರಿಯಲ್ಲಿ ದೊಡ್ಡ ಗಡಿಯಾರ ಸಿಗುತ್ತಿತ್ತು. ಮೊದಲು ಸೈಕಲ್ಲು, ಆಮೇಲೆ ಲೂನಾ, ಆಮೇಲೆ ಸ್ಕೂಟರು. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ಲೆಕ್ಕ ಹಾಕಿದರೆ 20 ಸಾವಿರ ಸಲವಾದರೂ ನೋಡಿರಬೇಕು.

ಒಂದೂವರೆ ಗಂಟೆ ಎಳೆದೆ. ಗೋಪುರ ನೆಟ್ಟಗೆ ನಿಂತಿತು. ಖುಷಿಯಾಯಿತು. ಅಷ್ಟರಲ್ಲಿ ನನ್ನ ಹೆಂಡತಿ ಉಪ್ಪಿಟ್ಟಿನ ತಟ್ಟೆ ತಂದಿಟ್ಟು ಬಗ್ಗಿ ನೋಡಿದಳು.

"ಏನ್ರೀ ಇದು, ದೊಡ್ಡ ಗಡಿಯಾರದಲ್ಲಿ ಕನ್ನಡ ಅಂಕಿ ಅಲ್ವಾ ಇರೋದು?"

ನಾನು ರೋಮನ್ ಅಂಕಿ ಬರೆದಿದ್ದೆ. ಹನ್ನೆರಡೂ. ಚೆನ್ನಾಗಿ, ಒಂದೇ ಅಳತೆಯಲ್ಲಿ.

ನಗಬೇಡಿ. ನಾಲ್ವಡಿಯವರ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ 1927ರಲ್ಲಿ ಕಟ್ಟಿಸಿದ ಗೋಪುರ ಅದು. ಊರಿಗೆ ಬಂದ ನೆಂಟರನ್ನೆಲ್ಲ ಅದರ ಕೆಳಗೆ ನಿಲ್ಲಿಸಿ "ನೋಡಿ, ಕನ್ನಡ ಅಂಕಿ" ಅಂತ ಜಂಬದಿಂದ ತೋರಿಸಿದವನೇ ನಾನು. ನಾಲಿಗೆಗೆ ಗೊತ್ತಿದ್ದದ್ದು ಕೈಗೆ ಗೊತ್ತಿರಲಿಲ್ಲ. ಕೈ ಬರೆದದ್ದು ಯಾವುದೋ ಒಂದು ಗಡಿಯಾರವನ್ನು. ಗಡಿಯಾರ ಅಂದರೆ ಹೀಗಿರುತ್ತೆ ಅಂತ ತಲೆಯಲ್ಲಿ ಕೂತಿರುವ ಗಡಿಯಾರವನ್ನು.

ಈ ಹುಚ್ಚು ಹತ್ತಿಸಿದ್ದು ಲಂಡನ್ನಿನ ಒಬ್ಬ ಚಿತ್ರಕಾರ.

ಒಂದು ಬೇಸಿಗೆಯಲ್ಲಿ ಮಗಳ ಮನೆಗೆ ಹೋಗಿದ್ದೆವು. ಒಂದು ದಿನ ಅವಳು "ಅಪ್ಪ, ನಿಮಗೆ ಇಷ್ಟ ಆಗೋ ಜಾಗ ಒಂದಿದೆ" ಅಂತ ಪಾಲ್‌ಮಾಲ್ ಬೀದಿಗೆ ಕರೆದುಕೊಂಡು ಹೋದಳು. ಅಲ್ಲಿ ರಾಯಲ್ ಆಪೆರಾ ಆರ್ಕೇಡ್ ಅಂತ ಒಂದು ಸಣ್ಣ ಓಣಿ. ಮೇಲೆ ಸೂರು, ಸೂರಿನಲ್ಲಿ ಸಾಲಾಗಿ ದುಂಡನೆಯ ಬೆಳಕಿಂಡಿಗಳು, ಪಕ್ಕದಲ್ಲಿ ಹೊಟ್ಟೆ ಮುಂದೆ ಮಾಡಿಕೊಂಡ ಗಾಜಿನ ಅಂಗಡಿಗಳು. 1816ರಿಂದ 1818ರವರೆಗೆ ಕಟ್ಟಿದ್ದು, ಆ ಊರಿನ ಅತಿ ಹಳೆಯ ಆರ್ಕೇಡ್ ಇದೇ. ನಾನು ಕತ್ತು ಮೇಲೆ ಮಾಡಿ ಬೆಳಕಿಂಡಿ ಎಣಿಸುತ್ತ ನಿಂತುಬಿಟ್ಟೆ. ಮಗಳು ತೋಳು ಹಿಡಿದು ಒಂದು ಅಂಗಡಿಯೊಳಗೆ ಎಳೆದಳು. ಅದು ಸ್ಟೀಫನ್ ವಿಲ್ಟ್‌ಶೈರ್ ಅವರ ಗ್ಯಾಲರಿ. ಅವರು ಆ ದಿನ ಇರಲಿಲ್ಲ. ಗೋಡೆ ತುಂಬ ಊರುಗಳಿದ್ದವು.

ಇವರ ವಿಡಿಯೊ ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ. ಹೆಲಿಕಾಪ್ಟರಿನಲ್ಲಿ ಒಂದು ಸುತ್ತು ಹೊಡೆದು ಬಂದು ಇಡೀ ಊರನ್ನು ನೆನಪಿನಿಂದ ಬರೆಯುವ ಮನುಷ್ಯ. 2005ರಲ್ಲಿ ಟೋಕಿಯೊ ಊರನ್ನು ಹಾಗೆ ನೋಡಿ ಬಂದು, ಒಂದು ವಾರದಲ್ಲಿ 10 ಮೀಟರ್ ಉದ್ದದ ಹಾಳೆಯ ಮೇಲೆ ಬಿಡಿಸಿದರು. ಅದಕ್ಕೂ ಮೊದಲು, 2001ರಲ್ಲಿ, ಬಿಬಿಸಿಯವರು ಲಂಡನ್ನಿನ ಮೇಲೆ ಹಾರಿಸಿದಾಗ ನಾಲ್ಕು ಚದರ ಮೈಲಿಯಷ್ಟು ಊರನ್ನು ಮೂರು ಗಂಟೆಯಲ್ಲಿ ಬರೆದು ಮುಗಿಸಿದ್ದರು. ಅದರಲ್ಲಿ 12 ಹೆಸರಾಂತ ಕಟ್ಟಡಗಳು, ಜೊತೆಗೆ ಬೇರೆ 200. ಆಮೇಲೆ ರೋಮ್, ಹಾಂಗ್‌ಕಾಂಗ್, ಮ್ಯಾಡ್ರಿಡ್, ದುಬೈ, ಜೆರುಸಲೇಮ್, ನ್ಯೂಯಾರ್ಕ್, ಸಿಂಗಪುರ. ಕಿವಿಗೆ ಹಾಡು ಸಿಕ್ಕಿಸಿಕೊಂಡು, ಸುತ್ತ ಜನ ನಿಂತು ನೋಡುತ್ತಿದ್ದರೂ ತನ್ನ ಪಾಡಿಗೆ ಗೆರೆ ಎಳೆಯುತ್ತಾರೆ.

ಎಲ್ಲ ಕಡೆ ಅವರಿಗೆ ಒಂದೇ ಬಿರುದು: ನಡೆದಾಡುವ ಕ್ಯಾಮೆರಾ. ಆ ಮಾತು ನನಗೆ ಹಿಡಿಸುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಅದಕ್ಕೆ ಮೊದಲು ಅವರ ಕಥೆ ಸ್ವಲ್ಪ.

ಹುಟ್ಟಿದ್ದು 1974ರಲ್ಲಿ ಲಂಡನ್ನಿನಲ್ಲಿ. ತಂದೆ ಬಾರ್ಬಡೋಸ್‌ನವರು, ತಾಯಿ ಸೇಂಟ್ ಲೂಸಿಯಾದವರು. ಮಗು ಮಾತಾಡುತ್ತಿರಲಿಲ್ಲ. ಮೂರು ವರ್ಷಕ್ಕೆ ಆಟಿಸಂ ಎಂದು ಗೊತ್ತಾಯಿತು, ಅಂದರೆ ಮಾತು, ಜನರ ಜೊತೆ ಬೆರೆಯುವ ರೀತಿ ಹುಟ್ಟಿನಿಂದಲೇ ಬೇರೆ ಥರ ಇರುವುದು. ಅದೇ ವರ್ಷ ತಂದೆ ಬೈಕ್ ಅಪಘಾತದಲ್ಲಿ ತೀರಿಕೊಂಡರು. ಐದಕ್ಕೆ ಕ್ವೀನ್ಸ್‌ಮಿಲ್ ಎಂಬ ಶಾಲೆ. ಅಲ್ಲಿ ಹುಡುಗ ಚಿತ್ರ ಬರೆಯುವುದೊಂದನ್ನೇ ಮಾಡುತ್ತಾನೆ ಅಂತ ನೋಡಿದ ಟೀಚರ್‌ಗಳು, ಬಾಯಿಬಿಟ್ಟು ಕೇಳಲಿ ಅಂತ ಬೇಕೆಂದೇ ಹಾಳೆ, ಪೆನ್ನು ಎತ್ತಿಟ್ಟರು. ಮೊದಲು ಏನೇನೋ ಸದ್ದು ಬಂತು. ಕೊನೆಗೆ ಒಂದು ಮಾತು ಬಂತು: "ಪೇಪರ್."

ಇದನ್ನು ಓದಿದಾಗ ನನಗೆ ಒಂದು ಥರ ಆಯಿತು. ಹಾಳೆ ಕಸಿದುಕೊಂಡದ್ದು ಸರಿಯಾ ಅಂತ ಈಗಲೂ ಗೊಂದಲ. ಆದರೆ ಅದೇ ಶಾಲೆಯ ಕ್ರಿಸ್ ಮ್ಯಾರಿಸ್ ಎಂಬ ಮೇಷ್ಟ್ರು ಆಮೇಲೆ ಹುಡುಗನನ್ನು ಕಟ್ಟಡ ತೋರಿಸಲು ಊರೆಲ್ಲ ಸುತ್ತಿಸಿದರು, ಸ್ಪರ್ಧೆಗಳಿಗೆ ಚಿತ್ರ ಕಳಿಸಿದರು. ವಿಡಿಯೊಗಳಲ್ಲಿ ಈ ಭಾಗವೇ ಇರುವುದಿಲ್ಲ ನೋಡಿ. ಹೆಲಿಕಾಪ್ಟರ್ ಇರುತ್ತೆ, ಮೇಷ್ಟ್ರು ಇರಲ್ಲ.

ಎಂಟು ವರ್ಷಕ್ಕೆ ಯಾವುದೋ ಪುಸ್ತಕದಲ್ಲಿ ಭೂಕಂಪದ ಫೋಟೊ ನೋಡಿದ ಹುಡುಗ, ಭೂಕಂಪವಾದ ಮೇಲೆ ಊರು ಹೇಗಿರುತ್ತೆ ಅಂತ ಮನಸ್ಸಿನಲ್ಲೇ ಊಹಿಸಿ ಬಿಡಿಸತೊಡಗಿದ. ಅದೇ ವಯಸ್ಸಿನಲ್ಲಿ ಮಾಜಿ ಪ್ರಧಾನಿ ಎಡ್ವರ್ಡ್ ಹೀತ್ ಅವನಿಂದ ಸಾಲ್ಸ್‌ಬರಿ ಕೆಥೆಡ್ರಲ್‌ನ ಚಿತ್ರ ಬರೆಸಿಕೊಂಡರು. 1987ರಲ್ಲಿ ಬಿಬಿಸಿ ಕಾರ್ಯಕ್ರಮ ಬಂತು. ಹ್ಯೂ ಕ್ಯಾಸನ್ ಎಂಬ ದೊಡ್ಡ ವಾಸ್ತುಶಿಲ್ಪಿ, ಪ್ರಾಯಶಃ ಬ್ರಿಟನ್ನಿನಲ್ಲೇ ಇಂಥ ಬಾಲ ಚಿತ್ರಕಾರ ಇನ್ನೊಬ್ಬನಿಲ್ಲ ಅಂದರು. ಅಲ್ಲಿಂದ ಪುಸ್ತಕಗಳು, ಕಲಾಶಾಲೆಯ ಓದು, 2006ರಲ್ಲಿ ಎಂಬಿಇ ಎಂಬ ಬ್ರಿಟನ್ನಿನ ಗೌರವ, ಅದೇ ವರ್ಷ ಈ ಗ್ಯಾಲರಿ.

ಸರಿ, ಈಗ ಕ್ಯಾಮೆರಾ ವಿಚಾರ.

ಗ್ಯಾಲರಿಯಲ್ಲಿ ನಾನು ಕನ್ನಡಕ ತೆಗೆದು ಮೂಗು ತಾಗುವಷ್ಟು ಹತ್ತಿರ ಹೋದೆ. ನಮ್ಮ ಆಫೀಸಿನಲ್ಲಿ ಹೊಸಬರ ಡ್ರಾಯಿಂಗನ್ನು ಹಾಗೇ ನೋಡುತ್ತಿದ್ದದ್ದು. ಗೆರೆ ಎಲ್ಲಿ ನಡುಗಿದೆ, ಎಲ್ಲಿ ಅರ್ಧ ಬ್ಲೇಡಿನಿಂದ ಕೆರೆದು ತಿದ್ದಿದ್ದಾರೆ ಅಂತ. ದೂರದಿಂದ ನೋಡಿದರೆ ಒಂದೊಂದು ಕಿಟಕಿಯೂ ಅಚ್ಚು ಹೊಡೆದ ಹಾಗಿತ್ತು. ಹತ್ತಿರದಿಂದ ನೋಡಿದರೆ ಗೆರೆ ಎಷ್ಟು ಸಡಿಲ ಅಂತೀರಿ! ಸ್ಕೇಲ್ ಇಟ್ಟು ಎಳೆದದ್ದಲ್ಲ. ಹಿಂದಿನ ಕಟ್ಟಡಗಳ ಕಿಟಕಿ ಬರೀ ಚಿಕ್ಕ ಚಿಕ್ಕ ಗೀರು. ಮುಂದಿನ ಕಟ್ಟಡಕ್ಕೆ ಮಾತ್ರ ಕಮಾನು, ಅಂಚು, ನೆರಳು. ನ್ಯೂಯಾರ್ಕ್ ಬೀದಿಯ ಒಂದು ಚಿತ್ರ ಪೂರ್ತಿ ಕಪ್ಪು ಬಿಳುಪು, ಟ್ಯಾಕ್ಸಿ ಮಾತ್ರ ಹಳದಿ. ಕ್ಯಾಮೆರಾಗೆ ಇದು ಮುಖ್ಯ, ಅದು ಸಾಕು ಅನ್ನೋದು ಗೊತ್ತಿರುತ್ತಾ? ಯಾವ ಗೆರೆ ಬಿಡಬೇಕು ಅಂತ ಗೊತ್ತಾಗುವ ಹೊತ್ತಿಗೆ ನನಗೆ ಸರ್ವಿಸ್ ಹತ್ತು ವರ್ಷ ಆಗಿತ್ತು.

ನನ್ನ ಈ ಅನುಮಾನಕ್ಕೆ ಆಮೇಲೆ ಒಬ್ಬ ಡಾಕ್ಟರರ ಸಾಕ್ಷಿಯೂ ಸಿಕ್ಕಿತು. ನರರೋಗ ತಜ್ಞ ಆಲಿವರ್ ಸ್ಯಾಕ್ಸ್ ಹುಡುಗ ಸ್ಟೀಫನ್ ಜೊತೆ ಮಾಸ್ಕೋವರೆಗೂ ತಿರುಗಾಡಿದವರು, 1995ರ ತಮ್ಮ ಪುಸ್ತಕದಲ್ಲಿ ಅವನ ಬಗ್ಗೆ ಒಂದು ದೊಡ್ಡ ಅಧ್ಯಾಯವನ್ನೇ ಬರೆದವರು. ಒಂದು ಸಲ ನ್ಯೂಯಾರ್ಕಿನ ತಮ್ಮ ಮನೆಯನ್ನೇ ಬಿಡಿಸಲು ಹೇಳಿದರಂತೆ. ಹುಡುಗ ಒಮ್ಮೆ ಕಣ್ಣಾಡಿಸಿ ಬಂದು ಬಿಡಿಸಿದ. ಮನೆಗೆ ಇಲ್ಲದ ಚಿಮಣಿ ಬಂದಿತ್ತು. ಮುಂದಿದ್ದ ಮೂರು ಮರ ಮಾಯ. ಬೇಲಿ ಮಾಯ. ಅಕ್ಕಪಕ್ಕದ ಮನೆಗಳೂ ಮಾಯ. ಆದರೂ ನೋಡಿದವರಿಗೆ ಅದು ಸ್ಯಾಕ್ಸ್ ಮನೆಯೇ. ನಮ್ಮ ಆಫೀಸಿನಲ್ಲಿ ಹೀಗೆ ಬೇಲಿ ಬಿಟ್ಟು ಡ್ರಾಯಿಂಗ್ ಮಾಡಿದ್ದರೆ ನನಗೆ ಮಂಗಳಾರತಿ ಆಗುತ್ತಿತ್ತು, ಆ ಮಾತು ಬೇರೆ. ಆ ಚಿಮಣಿಯ ಕಥೆ ಓದಿದ ದಿನ ನನಗೆ ಈ ಮನುಷ್ಯನ ಮೇಲೆ ಪ್ರೀತಿ ಜಾಸ್ತಿಯಾಯಿತು.

ಹಾಗಂತ ನೆನಪು ಸಣ್ಣದು ಅಂತಲ್ಲ. ಒಂದು ಹಳೆಯ ಬಂಗಲೆಯ ಅಳತೆ ತೆಗೆಯಲು ಹೋದದ್ದು ಹೇಳುತ್ತೇನೆ. ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬ ಹುಡುಗ, ಕೈಯಲ್ಲಿ ಫೀಲ್ಡ್ ಬುಕ್ಕು. ಎರಡು ದಿನ ಬರೆದುಕೊಂಡು ಬಂದು ಆಫೀಸಿನಲ್ಲಿ ಕೂತರೆ, ಹಿಂದಿನ ಜಗಲಿಯ ಕಂಬ ಏಳೋ ಎಂಟೋ ಅಂತ ಗೊತ್ತಾಗಲಿಲ್ಲ. ಬರೆದಿಟ್ಟಿರಲಿಲ್ಲ. ಮತ್ತೆ ಹೋದೆ. ಕಂಬ ಎಣಿಸಿ ಬಂದೆ. ಬಂದ ಮೇಲೆ ಕಂಬದ ತಲೆಯ ಬೋದಿಗೆ ಹೇಗಿತ್ತು ಅನ್ನೋದು ಮರೆತಿತ್ತು. ಮೂರನೇ ಸಲ ಹೋದಾಗ ಕಾವಲುಗಾರನೇ ನಕ್ಕ. ಸ್ಟೀಫನ್ ರೋಮ್ ಊರನ್ನು ಬಿಡಿಸಿದಾಗ ಪ್ಯಾಂಥಿಯನ್ ಗುಡಿಯ ಕಂಬಗಳ ಲೆಕ್ಕ ಸರಿಯಾಗಿತ್ತು. ಅದೂ ಮೇಲೆ ಹಾರಾಡಿಕೊಂಡು ನೋಡಿದ್ದು. ನಾನಾದರೆ ಟೇಪು ಹಿಡಿದು ಕಂಬದ ಪಕ್ಕದಲ್ಲೇ ನಿಂತಿದ್ದೆ.

ಇಂಥವರಿಗೆ ಇಂಗ್ಲಿಷಿನಲ್ಲಿ ಸಾವಂತ್ ಅನ್ನುವ ಹೆಸರಿದೆ. ಮಗಳು ಮೊದಲ ಸಲ "ಇವರು ಸಾವಂತ್ ಅಪ್ಪ" ಅಂದಾಗ ನಾನು ಬೆಳಗಾವಿ ಕಡೆಯವರಾ ಅಂತ ಕೇಳಿದ್ದೆ. ಅದು ಫ್ರೆಂಚ್ ಪದವಂತೆ, ತಿಳಿದವನು ಅಂತ ಅರ್ಥ. 1887ರಲ್ಲಿ ಲ್ಯಾಂಗ್‌ಡನ್ ಡೌನ್ ಎಂಬ ಇಂಗ್ಲಿಷ್ ಡಾಕ್ಟರು ಇದರ ಹಿಂದೆ "ಈಡಿಯಟ್" ಅಂತ ಬೇರೆ ಸೇರಿಸಿದ್ದರು. ಆ ಮೊದಲ ಪದವನ್ನು ಈಗ ಕೈಬಿಟ್ಟಿದ್ದಾರೆ, ಪುಣ್ಯ.

ಇದು ಹೇಗೆ ಆಗುತ್ತೆ ಅನ್ನೋದಕ್ಕೆ ಪೂರ್ತಿ ಉತ್ತರ ಯಾರ ಹತ್ತಿರವೂ ಇಲ್ಲ. ಆದರೆ ಒಂದು ಮಾತು ನನ್ನ ರೋಮನ್ ಅಂಕಿಗೆ ನೇರವಾಗಿ ತಾಗುತ್ತದೆ. ಲಂಡನ್ನಿನ ಮನೋವಿಜ್ಞಾನಿ ಉಟಾ ಫ್ರಿತ್ ಹೇಳುವ ಪ್ರಕಾರ ನಮ್ಮಂಥವರ ತಲೆ ಬಿಡಿ ವಿವರಗಳನ್ನು ತಕ್ಷಣ ಗಂಟು ಕಟ್ಟಿ ಒಂದು ಚೀಟಿ ಅಂಟಿಸಿಬಿಡುತ್ತದೆ: ಗಡಿಯಾರ, ಮನೆ, ಕುದುರೆ. ಆಮೇಲೆ ನಮಗೆ ಕಾಣುವುದು ಚೀಟಿ ಮಾತ್ರ. ಆಟಿಸಂ ಇರುವ ಹಲವರಿಗೆ ಈ ಗಂಟು ಅಷ್ಟು ಬಿಗಿಯಾಗಿ ಬೀಳುವುದಿಲ್ಲ, ಬಿಡಿಗಳು ಬಿಡಿಯಾಗಿಯೇ ಉಳಿಯುತ್ತವೆ. 1983ರಲ್ಲಿ ಫ್ರಿತ್ ಮತ್ತು ಅಮಿತಾ ಶಾ ಒಂದು ಪರೀಕ್ಷೆ ಮಾಡಿದರು. ದೊಡ್ಡ ಚಿತ್ರದೊಳಗೆ ಅಡಗಿರುವ ಚಿಕ್ಕ ಆಕಾರವನ್ನು ಹುಡುಕುವುದು. ಆಟಿಸಂ ಇರುವ ಮಕ್ಕಳು ಅದರಲ್ಲಿ ಮುಂದಿದ್ದರು. ಕೆನಡಾದ ಸಂಶೋಧಕ ಲೊರಾಂ ಮೊಟ್ರಾನ್, ಆಟಿಸಂ ಇದ್ದು ಚೆನ್ನಾಗಿ ಚಿತ್ರ ಬಿಡಿಸುತ್ತಿದ್ದ ಒಬ್ಬರನ್ನು, ಇ.ಸಿ. ಎಂಬ ಗುರುತಕ್ಷರ ಕೊಟ್ಟು, ಪರೀಕ್ಷಿಸಿದ್ದರು. ಅವರು ಚಿತ್ರವನ್ನು ಯಾವುದೋ ಮೂಲೆಯ ಸಣ್ಣ ವಿವರದಿಂದ ಶುರು ಮಾಡಿ, ಪಕ್ಕದ್ದು, ಅದರ ಪಕ್ಕದ್ದು ಅಂತ ಸೇರಿಸುತ್ತ ಹೋಗುತ್ತಿದ್ದರು. ನಮಗೆ ಐಟಿಐನಲ್ಲಿ ಮೊದಲ ದಿನ ಹೇಳಿಕೊಟ್ಟದ್ದು ಸೆಂಟರ್ ಲೈನ್ ಹಾಕು, ಹೊರಗೆರೆ ಹಾಕು, ಆಮೇಲೆ ಒಳಗೆ ಹೋಗು ಅಂತ. ಹೊರಗೆರೆ ಇಲ್ಲದೆ ಶುರು ಮಾಡಿದರೂ ಕೊನೆಗೆ ಎಲ್ಲ ಕೂಡುತ್ತದೆ ಅಂದರೆ ನನ್ನ ತಲೆಗೆ ಇನ್ನೂ ಹೋಗುವುದಿಲ್ಲ.

ಇನ್ನೊಬ್ಬಳು ಇದ್ದಾಳೆ. ಅವಳ ಕಥೆ ನನ್ನನ್ನು ಸ್ಟೀಫನ್‌ಗಿಂತ ಜಾಸ್ತಿ ಕಾಡಿದೆ.

ನಾಡಿಯಾ. 1967ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ, ಉಕ್ರೇನಿನಿಂದ ಬಂದ ಮನೆತನದಲ್ಲಿ ಹುಟ್ಟಿದವಳು. ಮಾತು ಬರಲಿಲ್ಲ ಅನ್ನುವಷ್ಟು ಕಡಿಮೆ. ಮೂರೂವರೆ ವರ್ಷಕ್ಕೆ ಬಾಲ್ ಪೆನ್ ಹಿಡಿದು ಕುದುರೆ ಬಿಡಿಸಲು ಶುರು ಮಾಡಿದಳು. ಆ ವಯಸ್ಸಿನ ಮಕ್ಕಳ ಕುದುರೆ ಗೊತ್ತಲ್ಲ, ಮೇಜಿನ ಹಾಗೆ ನಾಲ್ಕು ಕಾಲು. ಇವಳ ಕುದುರೆ ನಮ್ಮ ಕಡೆಗೇ ಮುಖ ಮಾಡಿ ಓಡಿ ಬರುತ್ತದೆ. ಕಾಲು ಮಡಿಸಿಕೊಂಡು, ಕತ್ತು ತಿರುಗಿಸಿಕೊಂಡು, ದೂರದ ಭಾಗ ಚಿಕ್ಕದಾಗಿ, ಹತ್ತಿರದ್ದು ದೊಡ್ಡದಾಗಿ. ಎಲ್ಲೋ ಪುಸ್ತಕದಲ್ಲಿ ನೋಡಿದ ಕುದುರೆಯನ್ನು ದಿನಗಳಾದ ಮೇಲೆ, ಪುಸ್ತಕದಲ್ಲಿದ್ದ ಹಾಗೆಯೂ ಅಲ್ಲದೆ, ಬೇರೆ ಮಗ್ಗುಲಿಂದ ಬಿಡಿಸುತ್ತಿದ್ದಳು. ಲೋರ್ನಾ ಸೆಲ್ಫ್ ಎಂಬ ಮನೋವಿಜ್ಞಾನಿ 1977ರಲ್ಲಿ ಅವಳ ಬಗ್ಗೆ ಪುಸ್ತಕ ಬರೆದಾಗ, ಜನ ಲಿಯೊನಾರ್ಡೊ ಡ ವಿಂಚಿಯ ಕುದುರೆಗಳ ಪಕ್ಕ ಇಟ್ಟು ನೋಡಿದರು. 1998ರಲ್ಲಿ ನಿಕೊಲಸ್ ಹಂಫ್ರಿ ಎಂಬವರು ಫ್ರಾನ್ಸಿನ ಶೋವೆ ಗುಹೆಯ ಸುಮಾರು 30 ಸಾವಿರ ವರ್ಷ ಹಳೆಯ ಪ್ರಾಣಿ ಚಿತ್ರಗಳ ಪಕ್ಕ ಇಟ್ಟು ಒಂದು ಪ್ರಶ್ನೆ ಕೇಳಿದರು. ನಾಡಿಯಾ ಮಾತಿಲ್ಲದೆ ಹೀಗೆ ಬಿಡಿಸುತ್ತಾಳೆ ಅಂದರೆ, ಗುಹೆಯಲ್ಲಿ ಬಿಡಿಸಿದವರಿಗೆ ನಮ್ಮಷ್ಟು ಮಾತು ಇತ್ತು ಅಂತ ಯಾಕೆ ಅಂದುಕೊಳ್ಳಬೇಕು ಅಂತ.

ಶಾಲೆಗೆ ಸೇರಿ, ಸ್ವಲ್ಪ ಸ್ವಲ್ಪ ಮಾತು ಕಲಿಯುತ್ತ ಬಂದ ಹಾಗೆ ಆ ಕುದುರೆಗಳು ಹೋದವು. ಅವಳು ಚಿಕ್ಕವಳಿರುವಾಗಲೇ ತಾಯಿಯೂ ತೀರಿಕೊಂಡಿದ್ದರು. ಆಮೇಲೆ ಬಿಡಿಸಿದ್ದು ಎಲ್ಲ ಮಕ್ಕಳೂ ಬಿಡಿಸುವಂಥ ಗೊಂಬೆ ಚಿತ್ರ. 2015ರಲ್ಲಿ ತೀರಿಕೊಂಡಳು. ಮಾತು ಬಂದದ್ದಕ್ಕೆ ಚಿತ್ರ ಹೋಯಿತು ಅಂತ ಹಲವರು ಅಂದರು. ಸ್ಟೀಫನ್ ಮಾತು ಕಲಿತ ಮೇಲೂ ಬಿಡಿಸುತ್ತಲೇ ಇದ್ದಾರಲ್ಲ, ಹಾಗಾಗಿ ಅಷ್ಟು ಸುಲಭದ ಲೆಕ್ಕ ಇದಲ್ಲ ಅನ್ನಿಸುತ್ತೆ.

ಕೈಯಿಂದ ವಿದ್ಯೆ ಹೋಗುವುದು ನನಗೆ ಸ್ವಲ್ಪ ಗೊತ್ತು. ನಮ್ಮ ಆಫೀಸಿಗೆ 1998ರಲ್ಲಿ ಕಂಪ್ಯೂಟರ್ ಬಂತು, ಅದರಲ್ಲೇ ಪ್ಲಾನು ಎಳೆಯುವ ಆಟೋಕ್ಯಾಡ್ ಬಂತು. ಅದಕ್ಕೆ ಮೊದಲು ಟ್ರೇಸಿಂಗ್ ಶೀಟಿನ ಮೇಲೆ ನನ್ನ ಕೈಯಕ್ಷರ ಅಚ್ಚಿನ ಹಾಗಿರುತ್ತಿತ್ತು. ಶೀಟಿನ ನಕಲು, ಅಂದರೆ ಅಮೋನಿಯಾ ಪ್ರಿಂಟ್ ತೆಗೆಯುವವನು ಅಕ್ಷರ ನೋಡಿಯೇ ನನ್ನ ಶೀಟು ಅಂತ ಹೇಳುತ್ತಿದ್ದ. ಈಗ ಬರೆಯಲು ಹೋದರೆ ಬರುವುದಿಲ್ಲ. ಯಾವತ್ತು ಹೋಯಿತು ಅಂತಲೂ ಗೊತ್ತಿಲ್ಲ. ಅದಕ್ಕೆ ಅಳುತ್ತ ಕೂತಿಲ್ಲ, ಸಂಬಳ ಜಾಸ್ತಿಯಾಯಿತು, ಬೆನ್ನುನೋವು ಕಡಿಮೆಯಾಯಿತು. ನಾಡಿಯಾಗೆ ಕುದುರೆ ಹೋದದ್ದು ದುಃಖ ಆಗಿತ್ತಾ? ದುಃಖ ಪಟ್ಟದ್ದು ನೋಡುವವರು ಅಂತ ನನ್ನ ಊಹೆ.

ಇದನ್ನೆಲ್ಲ ನಾನು ಇಷ್ಟು ಓದಿದ್ದಕ್ಕೆ ಕಾರಣ ಗ್ಯಾಲರಿ ಒಂದೇ ಅಲ್ಲ. ನನ್ನ ತಂಗಿಯ ಮೊಮ್ಮಗನಿಗೆ ಆಟಿಸಂ ಇದೆ. ಈಗ ಒಂಬತ್ತು ವರ್ಷ. ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಗೆ ಅವನಮ್ಮ ಕರೆದುಕೊಂಡು ಹೋಗುತ್ತಿರುತ್ತಾಳೆ. ನೆಂಟರು ಬಂದಾಗಲೆಲ್ಲ ಒಂದು ಪ್ರಶ್ನೆ ಗ್ಯಾರಂಟಿ: "ಇಂಥ ಮಕ್ಕಳಿಗೆ ಏನೋ ಒಂದು ಸ್ಪೆಷಲ್ ಇರತ್ತಂತಲ್ಲ, ಇವನಿಗೆ ಏನಿದೆ?" ಪಾಪ, ಅವರು ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ಕೇಳಿಸಿಕೊಂಡು ಅವನಮ್ಮ ಕಾಫಿ ತರುತ್ತೇನೆ ಅಂತ ಎದ್ದು ಹೋಗುತ್ತಾಳೆ.

1978ರಲ್ಲಿ ಬರ್ನಾರ್ಡ್ ರಿಮ್ಲ್ಯಾಂಡ್ ಎಂಬ ಅಮೆರಿಕದವರು ಆಟಿಸಂ ಇರುವ 5,400 ಮಕ್ಕಳ ಅಪ್ಪ ಅಮ್ಮಂದಿರಿಂದ ವಿವರ ತರಿಸಿಕೊಂಡಿದ್ದರು. ಏನಾದರೂ ವಿಶೇಷ ಸಾಮರ್ಥ್ಯ ಇದೆ ಅಂದವರು 531. ಅದರಲ್ಲೇ ಸಂಗೀತವೂ ಬಂತು, ಗಣಿತವೂ ಬಂತು, ನೆನಪೂ ಬಂತು. ಸ್ಟೀಫನ್ ಥರ ಊರು ಬರೆಯುವವರು ಪ್ರಪಂಚದಲ್ಲೇ ಬೆರಳೆಣಿಕೆ. ಈ ಲೆಕ್ಕವನ್ನು ಒಬ್ಬ ನೆಂಟರಿಗೆ ಹೇಳಿ ನೋಡಿದೆ. ಅವರು ಪೂರ್ತಿ ಕೇಳಿ, "ಆದರೂ ಒಂದು ಸಲ ಡ್ರಾಯಿಂಗ್ ಕ್ಲಾಸಿಗೆ ಹಾಕಿ ನೋಡಿ" ಅಂದರು.

ಅವರನ್ನು ಬೈಯುವ ಯೋಗ್ಯತೆ ನನಗಿಲ್ಲ. ಲಂಡನ್ನಿನಿಂದ ಬಂದವನೇ ನಾನೂ ಅದನ್ನೇ ಮಾಡಿದ್ದೆ. ಒಳ್ಳೆಯ ದಪ್ಪ ಹಾಳೆ, 48 ಬಣ್ಣದ ಕ್ರೆಯಾನು, ಸಣ್ಣ ಮೊನೆಯ ಪೆನ್ನು ಎಲ್ಲ ತೆಗೆದುಕೊಂಡು ಅವರ ಮನೆಗೆ ಹೋದೆ. ಅರಮನೆಯ ಒಂದು ದೊಡ್ಡ ಫೋಟೊ ತೋರಿಸಿ, ಮುಚ್ಚಿಟ್ಟು, ಹಾಳೆ ಮುಂದಿಟ್ಟು ಕಾದೆ. ಸುಮ್ನೆ ಕಾದೆ ಅಲ್ಲ, ಉಸಿರು ಹಿಡಿದು ಕಾದೆ. ಅವನು ಕ್ರೆಯಾನುಗಳಿಗೆ ಸುತ್ತಿದ್ದ ಕಾಗದವನ್ನು ಒಂದೊಂದಾಗಿ ಸುಲಿದ. 48ನ್ನೂ. ಸುಲಿದ ಕಾಗದ ಒಂದು ಕಡೆ, ಕ್ರೆಯಾನು ಒಂದು ಕಡೆ. ಹಾಳೆ ಮುಟ್ಟಲೇ ಇಲ್ಲ.

"ಬಿಡಿ ಮಾವ, ಅವನಿಗೆ ಅದರಲ್ಲೇ ಖುಷಿ," ಅಂದಳು ಅವನಮ್ಮ. ನನಗೆ ಅವಳ ಮುಖ ನೋಡಲು ಆಗಲಿಲ್ಲ.

ಆಮೇಲೆ ಒಂದು ದಿನ ಅವನು ನಮ್ಮ ಮನೆಗೆ ಬಂದಿದ್ದಾಗ ನನ್ನ ಹಳೆಯ ರೋಲರ್ ಸ್ಕೇಲ್ ಅವನ ಕೈಗೆ ಸಿಕ್ಕಿತು. ಸಮಾನಾಂತರ ಗೆರೆ ಎಳೆಯಲು ಉರುಳಿಸುವ ಸ್ಕೇಲು, ಒಳಗೆ ಚಕ್ರ ಇರುತ್ತದೆ. ಅದನ್ನು ಮೇಜಿನ ಮೇಲೆ ಆ ಕಡೆಗೆ ಉರುಳಿಸಿದ, ಈ ಕಡೆಗೆ ಉರುಳಿಸಿದ. ಕಿವಿ ಮೇಜಿಗೆ ಆನಿಸಿ ಸದ್ದು ಕೇಳಿದ. ಎರಡು ಗಂಟೆ. ನಾನು ಪಕ್ಕದಲ್ಲಿ ಕೂತು ಪೇಪರ್ ಓದಿದೆ. ಅವತ್ತಿನಿಂದ ಶನಿವಾರ ಸಂಜೆ ಬರುವುದು ರೂಢಿಯಾಗಿದೆ. ಬಂದವನೇ ನನ್ನ ಕಡೆ ತಿರುಗಿಯೂ ನೋಡದೆ ಮೇಜಿನ ಡ್ರಾಯರ್ ಎಳೆಯುತ್ತಾನೆ.

ಭಾನುವಾರ ಬೋರ್ಡ್ ಇಳಿಸಿದ್ದೆ ಅಂದೆನಲ್ಲ, ಅದನ್ನು ಮತ್ತೆ ಅಟ್ಟಕ್ಕೆ ಹಾಕಿಲ್ಲ. ರೋಮನ್ ಅಂಕಿ ಅಳಿಸಿ ಕನ್ನಡ ಅಂಕಿ ಬರೆಯಬೇಕು, ಅದೂ ಆಗಿಲ್ಲ. ನಿನ್ನೆ ಶನಿವಾರ ಅವನು ಬಂದಾಗ ಮೇಜಿಗಿಂತ ಬೋರ್ಡ್ ಮೇಲೆ ಸ್ಕೇಲ್ ಉರುಳುವುದು ಚೆನ್ನ ಅಂತ ಕಂಡುಕೊಂಡ. ಮರ ಅಲ್ವಾ, ಸದ್ದು ಬೇರೆ ಬರುತ್ತೆ. ನನ್ನ ದೊಡ್ಡ ಗಡಿಯಾರದ ಮೇಲೇ ಆ ಕಡೆ ಈ ಕಡೆ ಉರುಳಿಸಿದ. ಪೆನ್ಸಿಲ್ ಗೆರೆಯೆಲ್ಲ ಮಸಿಮಸಿಯಾಗಿದೆ. ಸ್ಕೇಲಿನ ಒಂದು ಚಕ್ರವೂ ಸವೆದಿದೆ. ನಾಳೆ ಪೇಟೆಗೆ ಹೋಗಿ ಇನ್ನೊಂದು ತರಬೇಕು.